ಸಾಹೇಬ್ರ ಜಿಲ್ಲೆಯ ಮೂರು ತಾಲ್ಲೂಕು

2024ರ ಏಪ್ರಿಲ್ 24. ಅಫಜಲಪುರದ ಬಿಸಿಲಿಗೆ ಕರುಣೆ ಇಲ್ಲ. ಪೆಂಡಾಲಿನ ಅಂಚಿನಲ್ಲಿ ಜಾಗ ಸಿಕ್ಕಿದ್ದೇ ಪುಣ್ಯ ಎಂದು ನೀವು ಒಂದು ಕಂಬಕ್ಕೆ ಒರಗಿ ನಿಂತಿದ್ದೀರಿ. ಪಕ್ಕದಲ್ಲಿ ಧೋತರ ಉಟ್ಟ ಅಜ್ಜನೊಬ್ಬ ಹೆಗಲ ಮೇಲಿನ ವಸ್ತ್ರವನ್ನು ನೀರಲ್ಲಿ ತೋಯಿಸಿ ತಲೆಗೆ ಸುತ್ತಿಕೊಂಡಿದ್ದಾನೆ. ಅವನಾಚೆ ಇಬ್ಬರು ಹುಡುಗರು ಮೊಬೈಲ್ ಎತ್ತಿ ಹಿಡಿದಿದ್ದಾರೆ. ವೇದಿಕೆಯ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ಇದ್ದಾರೆ. ಕಲಬುರಗಿ ಲೋಕಸಭಾ ಕ್ಷೇತ್ರದ ಕಾಂಗ್ರೆಸ್ ಅಭ್ಯರ್ಥಿ ರಾಧಾಕೃಷ್ಣ ದೊಡ್ಡಮನಿ. ಮತದಾನಕ್ಕೆ ಇನ್ನು ಎರಡು ವಾರವೂ ಇಲ್ಲ, ಮೇ 7ಕ್ಕೆ. ಆದರೆ ಜನ ಕಾಯುತ್ತಿರುವುದು ಅಭ್ಯರ್ಥಿಯ ಮಾತಿಗಲ್ಲ, ಅವರ ಮಾವನ ಮಾತಿಗೆ.

ಮಲ್ಲಿಕಾರ್ಜುನ ಖರ್ಗೆ ಮೈಕಿನ ಮುಂದೆ ಬರುತ್ತಾರೆ. ಅವರಿಗೆ 81 ವರ್ಷ. ದಿಲ್ಲಿಯಲ್ಲಿ ಅವರು ಎಐಸಿಸಿ ಅಧ್ಯಕ್ಷರು. ಅಲ್ಲಿನ ಭಾಷಣಗಳಲ್ಲಿ ಹಿಂದಿಗೆ ಉರ್ದು ಬೆರೆಸಿ ಮಾತಾಡುವ ಅದೇ ದನಿ ಇಲ್ಲಿ ಕಲಬುರಗಿ ಕನ್ನಡಕ್ಕೆ ಇಳಿಯುತ್ತದೆ. ಮೋದಿ, ಸಂವಿಧಾನ, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371(ಜೆ) ಎಲ್ಲ ಆಗುತ್ತದೆ. ಆಮೇಲೆ ಮಾತು ದಾರಿ ಬದಲಿಸುತ್ತದೆ. ಈ ಸಲವೂ ನೀವು ಮತ ಹಾಕದಿದ್ದರೆ ಇಲ್ಲಿ ನನಗೆ ಜಾಗವಿಲ್ಲ, ನಿಮ್ಮ ಮನಸ್ಸು ಗೆಲ್ಲುವುದು ನನ್ನಿಂದ ಆಗಲಿಲ್ಲ ಎಂದುಕೊಳ್ಳುತ್ತೇನೆ ಎನ್ನುತ್ತಾರೆ. ಮತ ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು, ಈ ಜಿಲ್ಲೆಗೆ ಏನಾದರೂ ಮಾಡಿದ್ದೇನೆ ಅನ್ನಿಸಿದರೆ ನನ್ನ ಮಣ್ಣಿಗಾದರೂ ಬನ್ನಿ ಎನ್ನುತ್ತಾರೆ.

ಪೆಂಡಾಲಿನಲ್ಲಿ ಒಂದು ಕ್ಷಣ ಯಾರಿಗೂ ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯುವುದಿಲ್ಲ.

"ಓಟಿಗೋಸ್ಕರ ಸಾಯೋ ಮಾತ್ಯಾಕ ಆಡ್ತಾರ್ರೀ ಇವ್ರು?" ಮೊಬೈಲ್ ಹಿಡಿದ ಹುಡುಗರಲ್ಲಿ ಒಬ್ಬ ಮೆಲ್ಲಗೆ ಅನ್ನುತ್ತಾನೆ.

ಅಜ್ಜ ತಿರುಗುತ್ತಾನೆ. "ಏ ತಮ್ಮಾ, ಸೋತವ್ರ ಸಂಕಟ ನಿನಗೇನ್ ಗೊತ್ತದ? ಸುಮ್ಕ ಕೇಳು."

ಸೋತದ್ದು 2019ರಲ್ಲಿ. ಅಲ್ಲಿಯತನಕ ವಿಧಾನಸಭೆಗೆ ಒಂಬತ್ತು ಸಲ, ಲೋಕಸಭೆಗೆ ಎರಡು ಸಲ ನಿಂತು ಒಮ್ಮೆಯೂ ಸೋತಿರಲಿಲ್ಲ. 'ಸೋಲಿಲ್ಲದ ಸರದಾರ' ಎಂಬ ಬಿರುದು ಬ್ಯಾನರ್‌ಗಳಲ್ಲಿ ಹಳತಾಗಿ ಹೋಗಿತ್ತು. 95,452 ಮತಗಳ ಅಂತರದಿಂದ ಅವರನ್ನು ಸೋಲಿಸಿದ ಉಮೇಶ ಜಾಧವ ಎರಡೇ ತಿಂಗಳ ಹಿಂದಿನವರೆಗೆ ಕಾಂಗ್ರೆಸ್ಸಿನ ಚಿಂಚೋಳಿ ಶಾಸಕ. ಅವರ ಪರ ಊರೂರು ತಿರುಗಿದ ಮಾಲೀಕಯ್ಯ ಗುತ್ತೇದಾರ, ಬಾಬುರಾವ್ ಚಿಂಚನಸೂರ ಇಬ್ಬರೂ ಕಾಂಗ್ರೆಸ್ಸಿನಿಂದ ಎದ್ದು ಹೋದವರೇ. ಖರ್ಗೆ ಅವರನ್ನು ಸೋಲಿಸಿದ್ದು ಬಿಜೆಪಿ ಅನ್ನುವುದು ದಿಲ್ಲಿಯ ಲೆಕ್ಕ. ಮನೆ ಬಿಟ್ಟು ಹೋದ ಮಂದಿ ಸೇರಿ ಯಜಮಾನನನ್ನು ಸೋಲಿಸಿದರು ಅನ್ನುವುದು ಇಲ್ಲಿನ ಲೆಕ್ಕ. ನನಗೂ ಎರಡನೆಯದೇ ಸರಿ ಅನ್ನಿಸುತ್ತದೆ.

ಈ ಊರಿನ ಚುನಾವಣಾ ಫಲಿತಾಂಶ ಓದಿದರೆ ನಗು ಬರುತ್ತದೆ. 2013ರಲ್ಲಿ ಅಫಜಲಪುರದಲ್ಲಿ ಗೆದ್ದದ್ದು ಕಾಂಗ್ರೆಸ್ಸಿನ ಮಾಲೀಕಯ್ಯ ಗುತ್ತೇದಾರ, ಸೋತದ್ದು ಕೆಜೆಪಿಯ ಎಂ.ವೈ. ಪಾಟೀಲ. 2018ರಲ್ಲಿ ಮತ್ತೆ ಇವರಿಬ್ಬರದೇ ಜಿದ್ದು, ಆದರೆ ಪಾಟೀಲರ ಕೈಯಲ್ಲಿ ಕಾಂಗ್ರೆಸ್ ಟಿಕೆಟ್, ಗುತ್ತೇದಾರರ ಕೈಯಲ್ಲಿ ಬಿಜೆಪಿ ಟಿಕೆಟ್. ಗೆದ್ದದ್ದು ಮತ್ತೆ ಕಾಂಗ್ರೆಸ್, ಅಂದರೆ ಈ ಸಲ ಪಾಟೀಲ. 2023ರಲ್ಲಿ ಗುತ್ತೇದಾರರ ತಮ್ಮ ನಿತಿನ್ ಅಣ್ಣನ ವಿರುದ್ಧವೇ ಪಕ್ಷೇತರರಾಗಿ ನಿಂತು ಪಾಟೀಲರಿಗೆ ಬೆವರಿಳಿಸಿದರು. ಈಗ, ಇದೇ ಏಪ್ರಿಲ್‌ನಲ್ಲಿ, ತಮ್ಮ ಬಿಜೆಪಿ ಸೇರಿದ್ದಾರೆ, ಅಣ್ಣ ಕಾಂಗ್ರೆಸ್ಸಿಗೆ ವಾಪಸ್ ಬಂದಿದ್ದಾರೆ. ಐದು ವರ್ಷದ ಹಿಂದೆ ಖರ್ಗೆ ವಿರುದ್ಧ ದುಡಿದವರು ಈಗ ಖರ್ಗೆ ಅಳಿಯನ ಪರ. ಕಬ್ಬಿನ ಗಾಡಿ ಅದೇ, ಭೀಮಾ ನದಿಯ ನೀರಿನ ಜಗಳ ಅದೇ, ಮಂದಿಯೂ ಅವರೇ. ಬದಲಾಗಿದ್ದು ಶಾಲಿನ ಬಣ್ಣ ಮಾತ್ರ.

ಇಂಥ ನೆಲದಲ್ಲಿ 1969ರಲ್ಲಿ ಸೇರಿದ ಪಕ್ಷವನ್ನು ಬಿಡದೆ ಉಳಿದ ಮನುಷ್ಯನನ್ನು ಅರಿಯುವುದು ಹೇಗೆ? ಪಕ್ಷ ಬದಲಿಸಿದವರ ನಿಲುವು ಹುಡುಕುವುದು ಸುಲಭ, ಅದು ಬಹಳ ಸಲ ಇದ್ದಲ್ಲೇ ಇರುತ್ತದೆ. ಪಕ್ಷ ಬದಲಿಸದವರ ನಿಲುವು ಎಲ್ಲೆಲ್ಲಿ ಸರಿಯಿತು ಎಂದು ನೋಡಲು ಹಳೆಯ ದಾರಿಯಲ್ಲಿ ನಡೆಯಬೇಕಾಗುತ್ತದೆ.

ಒಂದೂವರೆ ವರ್ಷ ಹಿಂದಕ್ಕೆ, ಜೇವರ್ಗಿಗೆ ಬನ್ನಿ.

2022ರ ಅಕ್ಟೋಬರ್ 19. ಕಲಬುರಗಿಯಿಂದ ಹೊರಟ ಬಸ್ಸು ಕಟ್ಟಿಸಂಗಾವಿ ಸೇತುವೆ ದಾಟುವಾಗ ಭೀಮೆ ಮಣ್ಣಿನ ಬಣ್ಣದಲ್ಲಿ ಹರಿಯುತ್ತಿದ್ದಾಳೆ. ದಾರಿಯುದ್ದಕ್ಕೂ ತೊಗರಿ ಎದೆಯುದ್ದ ಬೆಳೆದು ನಿಂತಿದೆ. ಹತ್ತಿ ಬಾಯಿ ಬಿಡುತ್ತಿದೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲ್ಲಿನಲ್ಲಿ ಮಿರ್ಚಿ ಭಜಿಯ ಬಾಣಲೆ ಕಾದಿದೆ. ಸುಸಲಾದ ತಟ್ಟೆ ಮುಂದಿಟ್ಟುಕೊಂಡು ನೀವು ಟಿವಿ ನೋಡುತ್ತಿದ್ದೀರಿ. ಪರದೆಯ ಮೇಲೆ ಎರಡು ಮುಖಗಳು, ಖರ್ಗೆ ಮತ್ತು ಶಶಿ ತರೂರ್. ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಎರಡು ದಿನದ ಹಿಂದೆ ನಡೆದ ಮತದಾನದ ಎಣಿಕೆ ಇಂದು. ಮತದಾನದ ದಿನ ಭಾರತ್ ಜೋಡೋ ಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ಮತ ಹಾಕಿದ್ದು ಬಳ್ಳಾರಿಯ ಸಂಗನಕಲ್ಲಿನ ಶಿಬಿರದಲ್ಲಿ.

ಈ ಹೋಟೆಲ್ಲಿನಲ್ಲಿ ಕೂತವರಿಗೆ ಯಾರಿಗೂ ಆ ಚುನಾವಣೆಯಲ್ಲಿ ಮತವಿಲ್ಲ. ಮತವಿದ್ದದ್ದು ದೇಶದ ಒಂಬತ್ತು ಸಾವಿರ ಚಿಲ್ಲರೆ ಪ್ರತಿನಿಧಿಗಳಿಗೆ. ಅವರಲ್ಲಿ ಹೆಚ್ಚಿನವರು ಖರ್ಗೆ ಅವರನ್ನು ಹತ್ತಿರದಿಂದ ನೋಡಿದವರಲ್ಲ. ಅವರನ್ನು ಬಲ್ಲ ಊರಿಗೆ ಮತವಿಲ್ಲ, ಮತವಿದ್ದವರಿಗೆ ಊರು ಗೊತ್ತಿಲ್ಲ. ತರೂರ್ ಬದಲಾವಣೆಯ ಮಾತಾಡಿ ಪ್ರಣಾಳಿಕೆ ಹೊರಡಿಸಿದರು. ಖರ್ಗೆ ಸ್ಪರ್ಧೆಗೆ ಬಂದದ್ದೇ ಕೊನೆಯ ಗಳಿಗೆಯಲ್ಲಿ. ಅಶೋಕ್ ಗೆಹಲೋಟ್ ಅಧ್ಯಕ್ಷರಾಗುತ್ತಾರೆ ಅನ್ನುವಷ್ಟರಲ್ಲಿ ರಾಜಸ್ಥಾನದ ಶಾಸಕರು ತಿರುಗಿಬಿದ್ದರು. ದಿಗ್ವಿಜಯ್ ಸಿಂಗ್ ಅರ್ಜಿ ತರಿಸಿಕೊಂಡು ಹಿಂದೆ ಸರಿದರು. ಸೆಪ್ಟೆಂಬರ್ 30ರಂದು, ನಾಮಪತ್ರಕ್ಕೆ ಕಡೆಯ ದಿನ, ಖರ್ಗೆ ಹೆಸರು ಬಂತು.

ಮಧ್ಯಾಹ್ನ ಅಂಕಿ ಬರುತ್ತದೆ. ಖರ್ಗೆ 7,897, ತರೂರ್ 1,072, ಕುಲಗೆಟ್ಟ ಮತ 416. ಹೊರಗೆ ಪಟಾಕಿಯ ಸರ ಹೊತ್ತುತ್ತದೆ. 24 ವರ್ಷದ ಮೇಲೆ ಗಾಂಧಿ ಕುಟುಂಬದ ಹೊರಗಿನವರೊಬ್ಬರು, ನಿಜಲಿಂಗಪ್ಪ ಅವರ ನಂತರ ಕರ್ನಾಟಕದ ಮೊದಲಿಗರು.

"ಧರ್ಮಸಿಂಗ್ ಸಾಹೇಬ್ರು ಇರಬೇಕಿತ್ತು ನೋಡ್ರಿ," ಎನ್ನುತ್ತಾನೆ ಗಲ್ಲೆಯಲ್ಲಿ ಕೂತ ಮಾಲೀಕ.

ಜೇವರ್ಗಿಯಲ್ಲಿ ಈ ಮಾತು ಬರದೆ ಇರುವುದಿಲ್ಲ. ಈ ತಾಲ್ಲೂಕಿನ ನೆಲೋಗಿಯ ಧರ್ಮಸಿಂಗ್, ಜಾತಿಯಿಂದ ರಜಪೂತರು. ತಮ್ಮ ಜಾತಿಯ ಮತ ಬೆರಳೆಣಿಕೆಯಷ್ಟಿದ್ದ ಕ್ಷೇತ್ರವನ್ನು ದಶಕಗಟ್ಟಲೆ ಕೈಯಲ್ಲಿಟ್ಟುಕೊಂಡಿದ್ದವರು. ಮಾತಿನಲ್ಲಿ ಬೆಣ್ಣೆ, ಯಾರಿಗೂ ಇಲ್ಲ ಅನ್ನದ ಸ್ವಭಾವ. 1980ರಲ್ಲಿ ಲೋಕಸಭೆಗೆ ಗೆದ್ದ ಕಲಬುರಗಿ ಸ್ಥಾನವನ್ನು ಕೇರಳದ ಸಿ.ಎಂ. ಸ್ಟೀಫನ್‌ಗಾಗಿ ಬಿಟ್ಟುಕೊಟ್ಟರು. 2008ರಲ್ಲಿ ಬರೀ 70 ಮತಗಳಿಂದ ಇದೇ ಜೇವರ್ಗಿಯಲ್ಲಿ ಸೋತರು. ಅವರು ತೀರಿಕೊಂಡದ್ದು 2017ರ ಜುಲೈ 27ರಂದು. ಧರ್ಮಸಿಂಗ್ ಮತ್ತು ಖರ್ಗೆ ಈ ಭಾಗಕ್ಕೆ ಲವ–ಕುಶ. ಖರ್ಗೆ ಮಾತು ಬಿರುಸು, ಕಡತ ಓದಿ ಬರುವ ವಕೀಲನ ಶಿಸ್ತು. ಒಬ್ಬರು ನಗಿಸಿ ಕೆಲಸ ಮಾಡಿಸಿಕೊಂಡರೆ ಇನ್ನೊಬ್ಬರು ಗದರಿಸಿ ಮಾಡಿಸಿಕೊಳ್ಳುವವರು.

ಲವನಿಗೆ ಮುಖ್ಯಮಂತ್ರಿ ಕುರ್ಚಿ ಸಿಕ್ಕಿತು, ಕುಶನಿಗೆ ಸಿಗಲಿಲ್ಲ. ಆ ಕತೆಯಲ್ಲಿ ಖರ್ಗೆ ಅವರ ಅರ್ಧ ರಾಜಕೀಯವಿದೆ. 1999ರಲ್ಲಿ ವಿರೋಧ ಪಕ್ಷದ ನಾಯಕರಾಗಿ ದುಡಿದವರು ಅವರು, ಮುಖ್ಯಮಂತ್ರಿ ಆದವರು ಎಸ್.ಎಂ. ಕೃಷ್ಣ. ಕೃಷ್ಣ ಸಂಪುಟದಲ್ಲಿ ಖರ್ಗೆ ಗೃಹ ಸಚಿವರಾದರು, ಡಾ. ರಾಜಕುಮಾರ್ ವೀರಪ್ಪನ್ ವಶದಲ್ಲಿದ್ದ 108 ದಿನಗಳನ್ನೂ ಕಂಡರು. 2004ರಲ್ಲಿ ಜೆಡಿಎಸ್ ಜತೆ ಸೇರಿ ಸರ್ಕಾರ ಮಾಡಬೇಕಾದಾಗ ಕುರ್ಚಿ ಧರ್ಮಸಿಂಗ್ ಅವರಿಗೆ ಒಲಿಯಿತು. 2013ರಲ್ಲಿ ಸಿದ್ದರಾಮಯ್ಯ. ಕೃಷ್ಣ ಕೊನೆಗೆ 2017ರಲ್ಲಿ ಬಿಜೆಪಿಗೆ ಹೋದರು, ಸಿದ್ದರಾಮಯ್ಯ 2006ರಲ್ಲಿ ಜೆಡಿಎಸ್ಸಿನ ಕಡೆಯಿಂದ ಬಂದವರು. ಪಕ್ಷ ಬಿಡದವರಿಗೆ ಏನು ಸಿಕ್ಕಿತು ಎಂದು ಜೇವರ್ಗಿಯ ಹೋಟೆಲ್ಲಿನಲ್ಲಿ ಯಾರಾದರೂ ಕೇಳಿದರೆ ಅದನ್ನು ಕೊಂಕು ಎಂದು ತಳ್ಳಿಹಾಕುವಂತಿಲ್ಲ. 2018ರ ಹೊತ್ತಿಗೆ 'ದಲಿತ ಮುಖ್ಯಮಂತ್ರಿ' ಎಂಬ ಮಾತು ಎದ್ದಾಗಲೆಲ್ಲ ಖರ್ಗೆ ಸಿಡುಕಿದ್ದುಂಟು. ತಾನು ಕಾಂಗ್ರೆಸ್ಸಿಗ, ಆ ಲೆಕ್ಕದಲ್ಲಿ ಕೊಡುವುದಾದರೆ ಕೊಡಿ ಎಂಬ ಧಾಟಿ. 2022ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಾಗಲೂ ಅದೇ ಮಾತು, ಬರೀ ದಲಿತ ನಾಯಕನಾಗಿ ನಿಂತಿಲ್ಲ ಎಂದು. ಆದರೆ 2015ರ ನವೆಂಬರ್‌ನಲ್ಲಿ ಸಂವಿಧಾನದ ಚರ್ಚೆ ನಡೆದಾಗ, ಲೋಕಸಭೆಯಲ್ಲಿ ಎದ್ದು ನಿಂತು ಈ ದೇಶದ ಮೂಲನಿವಾಸಿಗಳು ನಾವು ಎಂದವರೂ ಇವರೇ. ಜಾತಿಯನ್ನು ಕುರ್ಚಿ ಕೇಳಲು ಬಳಸಲಿಲ್ಲ, ವಾದ ಮಾಡಲು ಬಳಸಿದರು. ಈ ವ್ಯತ್ಯಾಸ ಅವರಿಗೆ ಗೊತ್ತಿದ್ದೇ ಮಾಡಿದ್ದು ಎಂದು ನನ್ನ ಎಣಿಕೆ.

"ಹುಟ್ಟಿದ್ದು ನಮ್ಮ ಜಿಲ್ಲಾದಾಗ ಅಲ್ಲಂತಲ್ರೀ?" ಎಂದು ಪಕ್ಕದ ಮೇಜಿನ ಹುಡುಗ ಕೇಳುತ್ತಾನೆ. ನಿಜ. ಹುಟ್ಟಿದ್ದು 1942ರ ಜುಲೈ 21ರಂದು, ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ಆಗ ಇದೆಲ್ಲ ನಿಜಾಮನ ಸೀಮೆ. ರಜಾಕಾರರ ಹಾವಳಿಯಲ್ಲಿ ಮನೆಗೆ ಬೆಂಕಿ ಬಿತ್ತು, ತಾಯಿ ಮತ್ತು ತಂಗಿ ಅದರಲ್ಲೇ ಹೋದರು. ಆರೇಳು ವರ್ಷದ ಹುಡುಗ ತಂದೆ ಮಾಪಣ್ಣನ ಜತೆ ಕಲಬುರಗಿ ಸೇರಿದ. ನೂತನ ವಿದ್ಯಾಲಯ, ಸರ್ಕಾರಿ ಕಾಲೇಜಿನ ವಿದ್ಯಾರ್ಥಿ ಸಂಘ, ಶೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜು, ಆಮೇಲೆ ಎಂಎಸ್‌ಕೆ ಮಿಲ್ಲಿನ ನೌಕರರ ಸಂಘಕ್ಕೆ ಕಾನೂನು ಸಲಹೆಗಾರ. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿ ಈಗ ಅದರ ಹೆಸರು ಬಡಾವಣೆಗೆ ಉಳಿದಿದೆ. ಕಾಂಗ್ರೆಸ್ ಸೇರಿದ 1969 ಕಾಂಗ್ರೆಸ್ಸೇ ಒಡೆದ ವರ್ಷ. ರಾಷ್ಟ್ರಪತಿ ಸ್ಥಾನಕ್ಕೆ ಯಾರು ಎಂಬ ಜಗಳ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯ ಅಧಿವೇಶನದಲ್ಲಿ ಬಿಗಡಾಯಿಸಿ, ನಿಜಲಿಂಗಪ್ಪ ಒಂದು ಕಡೆ, ಇಂದಿರಾ ಇನ್ನೊಂದು ಕಡೆ ಆದರು. ಖರ್ಗೆ ಇಂದಿರಾ ಕಡೆ ನಿಂತು 1972ರಲ್ಲಿ ಗುರುಮಠಕಲ್‌ನಿಂದ ವಿಧಾನಸಭೆಗೆ ಬಂದರು. ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವ. ಅರಸು ಇಂದಿರಾ ಅವರಿಂದ ದೂರವಾದ ಮೇಲೆ, 1980ರ ಗುಂಡೂರಾವ್ ಸಂಪುಟದಲ್ಲೂ ಸಚಿವ. ಅರಸು ಕಾಲದ ಭೂಸುಧಾರಣೆಯಲ್ಲಿ ಬೆಳೆದವರು ಅರಸು ಬಿದ್ದ ಮೇಲೂ ಉಳಿದುಕೊಂಡರು. ಪಕ್ಷ ಬಿಡದಿರುವುದಕ್ಕೂ ಒಂದು ಕಸುಬುಗಾರಿಕೆ ಬೇಕು.

ವರವಟ್ಟಿಯ ಬೆಂಕಿಯ ಬಗ್ಗೆ ಖರ್ಗೆ ಬಹುಕಾಲ ಬಹಿರಂಗವಾಗಿ ಹೆಚ್ಚು ಮಾತಾಡಿದವರಲ್ಲ. ಆ ಮೌನವನ್ನು 2024ರ ನವೆಂಬರ್‌ನಲ್ಲಿ, ಮಹಾರಾಷ್ಟ್ರ ಚುನಾವಣೆಯ ಪ್ರಚಾರದಲ್ಲಿ, ಉತ್ತರ ಪ್ರದೇಶದ ಮುಖ್ಯಮಂತ್ರಿ ಯೋಗಿ ಆದಿತ್ಯನಾಥ್ ಕೆದಕಿದರು. ಮತಬ್ಯಾಂಕಿಗಾಗಿ ಖರ್ಗೆ ರಜಾಕಾರರನ್ನು ಮರೆತಿದ್ದಾರೆ ಎಂದರು. ಮನೆ ಸುಟ್ಟವರು ರಜಾಕಾರರೇ ಹೊರತು ಇಡೀ ಮುಸ್ಲಿಂ ಸಮುದಾಯವಲ್ಲ ಎಂದು ಉತ್ತರ ಕೊಟ್ಟದ್ದು ಮಗ ಪ್ರಿಯಾಂಕ್. ಮನುಷ್ಯನ ಹಿನ್ನೆಲೆ ಒಂದೇ ಇರುತ್ತದೆ, ಅದನ್ನು ಯಾರ ಮೈಕಿನಲ್ಲಿ ಹೇಳುತ್ತಾರೆ ಎಂಬುದರ ಮೇಲೆ ಅರ್ಥ ಬೇರೆಯಾಗುತ್ತದೆ.

ಇನ್ನು ಆಳಂದ. 2025ರ ನವೆಂಬರ್, ಕಲ್ಯಾಣ ಕರ್ನಾಟಕ ಸಾರಿಗೆಯ ಕೆಂಪು ಬಸ್ಸು. ಸೀಟಿಗಾಗಿ ಕಿಟಕಿಯಿಂದ ಟವೆಲ್ ಎಸೆದವರಲ್ಲಿ ನೀವೂ ಒಬ್ಬರು. ಬಸ್ಸಿನ ತುಂಬ ಹೆಣ್ಣುಮಕ್ಕಳು, ಕೈಯಲ್ಲಿ ಆಧಾರ್, ಕಂಡಕ್ಟರ್ ಹರಿದು ಕೊಡುವ ಶೂನ್ಯ ಟಿಕೆಟ್. ನಿಮ್ಮ ಪಕ್ಕ ಕೂತ ಅವ್ವ ಟಿಕೆಟನ್ನು ಮಡಿಸಿ ಎಲೆಯಡಿಕೆ ಸಂಚಿಯಲ್ಲಿ ಇಡುತ್ತಾಳೆ.

"ಇದನ್ನ ಬಂದ್ ಮಾಡ್ತಾರಂತಲ್ಲಪಾ, ಖರೇ ಏನು?"

ಬಂದ್ ಆಗಿಲ್ಲ. ಆದರೆ ಆ ಮಾತು ದೊಡ್ಡದಾದ ಜಾಗ ಖರ್ಗೆ ಇದ್ದ ವೇದಿಕೆಯೇ. 2024ರ ಅಕ್ಟೋಬರ್ 31ರಂದು ಬೆಂಗಳೂರಿನ ಪತ್ರಿಕಾಗೋಷ್ಠಿಯಲ್ಲಿ, ಹೆಣ್ಣುಮಕ್ಕಳ ಈ ಉಚಿತ ಪ್ರಯಾಣದ ಶಕ್ತಿ ಯೋಜನೆಯನ್ನು ಮರುಪರಿಶೀಲಿಸುವ ಬಗ್ಗೆ ಮಾತಾಡಿದ್ದ ಡಿ.ಕೆ. ಶಿವಕುಮಾರ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಗದರಿದರು. ಅದೇ ಉಸಿರಿನಲ್ಲಿ, ಬಜೆಟ್ ನೋಡಿಕೊಂಡು ಭರವಸೆ ಕೊಡಿ ಎಂದು ಮಹಾರಾಷ್ಟ್ರದವರಿಗೆ ಬುದ್ಧಿ ಹೇಳಿದರು. ಗ್ಯಾರಂಟಿಗಳ ಮೇಲೆ ಗೆದ್ದ ಪಕ್ಷದ ಅಧ್ಯಕ್ಷರು ಗ್ಯಾರಂಟಿಗೆ ಮಿತಿ ಹೇಳಿದ್ದನ್ನು ಬಿಜೆಪಿ ಮರುದಿನವೇ ಎತ್ತಿಕೊಂಡಿತು. ಅವ್ವನಿಗೆ ಇಷ್ಟೆಲ್ಲ ಹೇಳುವ ಬದಲು ನೀವು "ಇಲ್ಲಬೇ, ನಡದದ" ಅನ್ನುತ್ತೀರಿ.

ಕಡಗಂಚಿ ಬರುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯದ ಗೇಟಿನಲ್ಲಿ ಹುಡುಗರು ಇಳಿಯುತ್ತಾರೆ. ಇದು ಶುರುವಾದದ್ದು 2009ರಲ್ಲಿ, ಖರ್ಗೆ ಕೇಂದ್ರ ಸಚಿವರಾದ ವರ್ಷ. ನಗರದಲ್ಲಿರುವ ಇಎಸ್‌ಐ ವೈದ್ಯಕೀಯ ಕಾಲೇಜು ಅವರು ಕಾರ್ಮಿಕ ಸಚಿವರಾಗಿದ್ದ ಕಾಲದ್ದು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 371(ಜೆ) ಅಂತೂ ಈ ಭಾಗದ ಹುಡುಗ ಹುಡುಗಿಯರ ಅರ್ಜಿ ಫಾರಂನಲ್ಲೇ ಕೂತಿದೆ. ಅದಕ್ಕಾಗಿ ಹೋರಾಡಿದ ವೈಜನಾಥ ಪಾಟೀಲರು ಬೇರೆ ಪಕ್ಷದವರು ಎಂಬುದನ್ನೂ ಮರೆಯಬಾರದು. ಅಷ್ಟಾದರೂ 2019ರಲ್ಲಿ ಇದು ಮತವಾಗಲಿಲ್ಲ.

ಆಳಂದದ್ದು ಇನ್ನೊಂದು ವಿಚಿತ್ರ. ಜಿಲ್ಲೆ ಕಲಬುರಗಿಯಾದರೂ ತಾಲ್ಲೂಕು ಬೀದರ್ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. ಜೇವರ್ಗಿ, ಅಫಜಲಪುರದವರು ಮೂರು ಸಲ ಖರ್ಗೆ ಹೆಸರಿನ ಮುಂದಿನ ಗುಂಡಿ ಒತ್ತಿದ್ದಾರೆ ಇಲ್ಲವೇ ಬಿಟ್ಟಿದ್ದಾರೆ. ಆಳಂದದವರಿಗೆ ಆ ಅವಕಾಶವೇ ಬಂದಿಲ್ಲ. ಹಾಗಾಗಿಯೋ ಏನೋ ಇಲ್ಲಿ ಅವರ ಬಗ್ಗೆ ಮಾತು ಹೆಚ್ಚು ಸಡಿಲ.

ಇಲ್ಲಿಯ ಜೋಡಿ ಬಿ.ಆರ್. ಪಾಟೀಲ ಮತ್ತು ಸುಭಾಷ್ ಗುತ್ತೇದಾರ. 2013ರಲ್ಲಿ ಪಾಟೀಲರು ಕೆಜೆಪಿ, ಗುತ್ತೇದಾರರು ಜೆಡಿಎಸ್. 2018ರಲ್ಲಿ ಪಾಟೀಲರು ಕಾಂಗ್ರೆಸ್, ಗುತ್ತೇದಾರರು ಬಿಜೆಪಿ, ಅಂತರ 697 ಮತ, ಗೆಲುವು ಗುತ್ತೇದಾರರದ್ದು. 2023ರಲ್ಲಿ ಪಾಟೀಲರ ಗೆಲುವು. ಆ ಚುನಾವಣೆಗೆ ಮುಂಚೆ ಮತದಾರರ ಹೆಸರು ತೆಗೆಯಿರಿ ಎಂದು ಬಂದ 6,018 ಅರ್ಜಿಗಳಲ್ಲಿ ಪರಿಶೀಲನೆಯ ಬಳಿಕ ಸರಿ ಕಂಡದ್ದು 24 ಮಾತ್ರ. ಆ ಅಂಕಿಯನ್ನು ರಾಹುಲ್ ಗಾಂಧಿ 2025ರ ಸೆಪ್ಟೆಂಬರ್‌ನಲ್ಲಿ ದಿಲ್ಲಿಯಲ್ಲಿ ಪರದೆಯ ಮೇಲೆ ತೋರಿಸಿದ ಮೇಲೆ ಆಳಂದದ ಹೆಸರು ದೇಶದ ಬಾಯಲ್ಲಿ ಬಂತು.

ಬಸ್ ನಿಲ್ದಾಣದ ಎದುರು ಚಾ ಅಂಗಡಿ. ಸ್ಟೂಲಿನ ಮೇಲೆ ಕೂತ ನಿವೃತ್ತ ಮೇಷ್ಟ್ರು ಪೇಪರ್ ಮಡಿಸುತ್ತಾರೆ. ಆರೆಸ್ಸೆಸ್ ನಿಷೇಧವಾಗಬೇಕು, ಇದು ನನ್ನ ವೈಯಕ್ತಿಕ ಅಭಿಪ್ರಾಯ ಎಂದು ಖರ್ಗೆ ಹೇಳಿ ಕೆಲವೇ ದಿನ ಆಗಿದೆ. ಚಿತ್ತಾಪುರದ ಆರೆಸ್ಸೆಸ್ ಪಥಸಂಚಲನದ ವಿವಾದ ಇನ್ನೂ ಬಿಸಿ ಇದೆ.

"ಅಧ್ಯಕ್ಷರು ಅಂದಮ್ಯಾಲ ವೈಯಕ್ತಿಕ ಎಲ್ಲೀದು?" ಅಂಗಡಿಯವನ ಪ್ರಶ್ನೆ.

ಮೇಷ್ಟ್ರು ನಗುತ್ತಾರೆ. "ಒಬ್ಬರಿಗೆ ಒಂದೇ ಹುದ್ದೆ ಅಂದಿದ್ರಲ್ಲೋ, ಉದಯಪುರದಾಗ?" ಮಾತು ಚುಚ್ಚುವಂಥದೇ. 2022ರಲ್ಲಿ ಉದಯಪುರದ ಶಿಬಿರ ಒಬ್ಬರಿಗೆ ಒಂದೇ ಹುದ್ದೆ ಎಂದಿತು. ಅದರಂತೆ ಖರ್ಗೆ ನಾಮಪತ್ರ ಸಲ್ಲಿಸಿದ ಮರುದಿನ ರಾಜ್ಯಸಭೆಯ ವಿರೋಧ ಪಕ್ಷದ ನಾಯಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅಧ್ಯಕ್ಷರಾದರು. ವಿರೋಧ ಪಕ್ಷದ ನಾಯಕನ ಸ್ಥಾನವೂ ಅವರಲ್ಲೇ ಉಳಿಯಿತು. ಮಗ ಸಚಿವ, ಅಳಿಯ ಸಂಸದ. ದೊಡ್ಡಮನಿ 27,205 ಮತಗಳಿಂದ ಗೆದ್ದರು. ಜಾತಿ ಗಣತಿ ಬೇಕೆಂದು 2023ರಲ್ಲಿ ಪ್ರಧಾನಿಗೆ ಪತ್ರ ಬರೆದವರು ಖರ್ಗೆ. ಕರ್ನಾಟಕದಲ್ಲಿ ಹತ್ತು ವರ್ಷದ ಹಿಂದೆ ನಡೆದ ಸಮೀಕ್ಷೆಯ ವರದಿ ಮುಂದೆ ಬಂದಾಗ, 2025ರ ಜೂನ್‌ನಲ್ಲಿ, ಮತ್ತೆ ಎಣಿಸಿ ಎಂದು ಹೇಳಿ ಕಳಿಸಿದ್ದು ಅವರೂ ಕೂತಿದ್ದ ಸಭೆ. ಲಿಂಗಾಯತರು, ಒಕ್ಕಲಿಗರು ಸಿಟ್ಟಾಗಿದ್ದರು. ತತ್ವ ದಿಲ್ಲಿಯಲ್ಲಿ, ಲೆಕ್ಕಾಚಾರ ಬೆಂಗಳೂರಿನಲ್ಲಿ. ಹಳೇ ಮೈಸೂರಿನವರಿಗೆ ಇದು ದ್ವಂದ್ವ ಅನ್ನಿಸಬಹುದು. ಗುರುಮಠಕಲ್ಲಿನಲ್ಲಿ ಎಂಟು ಸಲ ಗೆಲ್ಲಲು ಎಲ್ಲ ಜಾತಿಯ ಕೈ ಹಿಡಿದು ನಡೆದ ಮನುಷ್ಯನಿಗೆ ಇದು ರೂಢಿ.

ಅದೇ ವರ್ಷದ ಜುಲೈನಲ್ಲಿ ವಿಜಯಪುರದ ಸಭೆಯೊಂದರಲ್ಲಿ 1999ರ ಮಾತು ತೆಗೆದು, ದುಡಿದದ್ದು ನೀರಲ್ಲಿ ಹೋಯಿತು ಎಂಬರ್ಥದಲ್ಲಿ ಹೇಳಿಕೊಂಡರು. 26 ವರ್ಷ ನುಂಗಿಟ್ಟುಕೊಂಡದ್ದು. ಅದಕ್ಕೆ ಒಂದು ತಿಂಗಳ ಮುಂಚೆ, ಮುಖ್ಯಮಂತ್ರಿ ಬದಲಾವಣೆ ಯಾವಾಗ ಎಂದು ಪತ್ರಕರ್ತರು ಕೇಳಿದಾಗ ಕೊಟ್ಟ ಉತ್ತರ ಆಳಂದದ ಈ ಅಂಗಡಿಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅದು ಹೈಕಮಾಂಡ್ ಕೈಯಲ್ಲಿದೆ, ಹೈಕಮಾಂಡ್‌ನಲ್ಲಿ ಏನು ನಡೆದಿದೆ ಎಂದು ಇಲ್ಲಿ ಯಾರೂ ಹೇಳಲಾರರು ಎಂದಿದ್ದರು.

"ಮೇಷ್ಟ್ರೇ, ಹೈಕಮಾಂಡ್ ಅಂದ್ರ ಯಾರ್ರೀ ಹಂಗಾದ್ರ?" ಅಂಗಡಿಯವ ಗ್ಲಾಸು ತೊಳೆಯುತ್ತ ಕೇಳುತ್ತಾನೆ.

"ನಮ್ಮ ಸಾಹೇಬ್ರೇ ಅಲ್ಲೇನೋ."

"ಮತ್ತ ಅವ್ರೇ ಗೊತ್ತಿಲ್ಲ ಅಂತಾರಲ್ರೀ."

ಮೇಷ್ಟ್ರು ಎರಡನೇ ಚಾಕ್ಕೆ ಬೆರಳು ತೋರಿಸುತ್ತಾರೆ. "ಐವತ್ತು ವರ್ಷ ಆ ಪಕ್ಷದಾಗ ಇದ್ದಾರಪಾ. ಯಾವಾಗ ಗೊತ್ತಿರಬೇಕು, ಯಾವಾಗ ಗೊತ್ತಿರಬಾರದು, ಎರಡೂ ಕಲ್ತಾರ."